ಭೋಂಗಾ ಕೇಳುವಷ್ಟು ದೂರದ ಊರು

ಇವತ್ತು ಬ್ರೇಕಿಂಗ್ ನ್ಯೂಸ್ ಇಲ್ಲ. ಒಂದು ಕಟ್ಟು ಕೊತ್ತಂಬರಿ ಸೊಪ್ಪಿನ ವಿಷಯ ಇದೆ.

ಮೊನ್ನೆ ಭಾನುವಾರ ಮನೆಯಲ್ಲಿ ಸಾರಿಗೆ ಕೊತ್ತಂಬರಿ ಇರಲಿಲ್ಲ. ನಾನಿರೋದು ಬೆಂಗಳೂರಿನ ಹೊರವಲಯದ ಒಂದು ಅಪಾರ್ಟ್‌ಮೆಂಟ್‌ನಲ್ಲಿ. ಈಜುಕೊಳ ಇದೆ, ಜಿಮ್ ಇದೆ, ಮೂರು ಲಿಫ್ಟ್ ಇದೆ. ಕೊತ್ತಂಬರಿ ಮಾರುವ ಅಂಗಡಿ ಮಾತ್ರ ನಡೆದು ಹೋಗುವ ದೂರದಲ್ಲಿಲ್ಲ. ಫುಟ್‌ಪಾತೂ ಇಲ್ಲ. ಮೊಬೈಲ್ ತೆಗೆದೆ, ಬೆರಳು ಒತ್ತಿದೆ. ಹತ್ತೇ ನಿಮಿಷಕ್ಕೆ ಹೆಲ್ಮೆಟ್ ಹಾಕಿಕೊಂಡ ಒಬ್ಬ ಹುಡುಗ ಏದುಸಿರು ಬಿಡುತ್ತಾ ಬಾಗಿಲ ಮುಂದೆ ನಿಂತಿದ್ದ. "ಎಲ್ಲಿಂದಪ್ಪಾ ಬರ್ತೀಯಾ?" ಅಂತ ಕೇಳಿದೆ. "ಬೆಳಗಾವಿ ಕಡೆ ಸರ್, ಗೋಕಾಕ" ಅಂದ.

ನಾನು ಕೇಳಿದ್ದು ಅಂಗಡಿ ಎಲ್ಲಿದೆ ಅಂತ. ಅವನು ಹೇಳಿದ್ದು ತನ್ನ ಊರು. ಮುಂದೆ ಮಾತಾಡೋಕೆ ಅವನಿಗೆ ಪುರುಸೊತ್ತಿರಲಿಲ್ಲ, ಇನ್ನೊಂದು ಆರ್ಡರ್ ಬಂದಿತ್ತು. ಆದರೆ ಆ ಊರಿನ ಹೆಸರು ತಲೆಯಲ್ಲಿ ಉಳಿದುಬಿಟ್ಟಿತು. ಯಾಕಂದ್ರೆ ಮನೆ, ಕೆಲಸ, ಶಾಲೆ, ಆಸ್ಪತ್ರೆ, ಅಂಗಡಿ, ಗುಡಿ ಎಲ್ಲವೂ ಕಾಲ್ನಡಿಗೆಯ ದೂರದಲ್ಲಿರುವ ಊರು ಹೇಗಿರುತ್ತೆ ಅನ್ನೋದನ್ನ ಪ್ಯಾರಿಸ್‌ನಿಂದ ಕಲಿಯಬೇಕಾಗಿಲ್ಲ. ಗೋಕಾಕದಿಂದಲೇ ಕಲಿಯಬಹುದು. ಆ ಊರು ಎಲ್ಲಿ ಎಡವುತ್ತೆ ಅನ್ನೋದನ್ನೂ ಅಲ್ಲಿಂದಲೇ ಕಲಿಯಬಹುದು.

ಪ್ಯಾರಿಸ್ ಹೆಸರು ಯಾಕೆ ಬಂತು? ಅಲ್ಲಿನ ಸೋರ್ಬಾನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕಾರ್ಲೋಸ್ ಮೊರೆನೊ 2016ರಲ್ಲಿ 'ಹದಿನೈದು ನಿಮಿಷದ ನಗರ' ಎಂಬ ಮಾತು ಮುಂದಿಟ್ಟರು. ಬದುಕಿಗೆ ಬೇಕಾದದ್ದೆಲ್ಲ ಮನೆಯಿಂದ ಹದಿನೈದು ನಿಮಿಷದ ನಡಿಗೆಯಲ್ಲೋ ಸೈಕಲ್ ದಾರಿಯಲ್ಲೋ ಸಿಗಬೇಕು, ಇಷ್ಟೇ. 2020ರಲ್ಲಿ ಪ್ಯಾರಿಸ್‌ನ ಮೇಯರ್ ಆನ್ ಇಡಾಲ್ಗೊ ಇದನ್ನೇ ಚುನಾವಣೆಯ ಭರವಸೆ ಮಾಡಿಕೊಂಡು ಮತ್ತೆ ಗೆದ್ದರು. ಜಗತ್ತೆಲ್ಲ ಚಪ್ಪಾಳೆ ಹೊಡೀತು. ನಮ್ಮಲ್ಲೂ ಸೆಮಿನಾರುಗಳಾದವು. ಆ ಸೆಮಿನಾರುಗಳಿಗೆ ಎಲ್ಲರೂ ಕಾರಿನಲ್ಲೇ ಹೋದರು, ಆ ಮಾತು ಬೇರೆ.

ಈಗ ಇಸವಿಯನ್ನ ಸ್ವಲ್ಪ ಹಿಂದಕ್ಕೆ ತಿರುಗಿಸೋಣ. 1885.

ಅವತ್ತಿಗೆ ಗೋಕಾಕ ಮುಂಬೈ ಪ್ರಾಂತ್ಯದ ಬೆಳಗಾವಿ ಜಿಲ್ಲೆಯ ಒಂದು ಪೇಟೆ. ಅಲ್ಲಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ ಘಟಪ್ರಭಾ ನದಿ ಸುಮಾರು 170 ಅಡಿ ಎತ್ತರದ ಬಂಡೆಯ ಮೇಲಿಂದ ಕುದುರೆ ಲಾಳದ ಆಕಾರದಲ್ಲಿ ಕೆಳಕ್ಕೆ ಧುಮುಕುತ್ತೆ. ದಂಡೆಯ ಮೇಲೆ ಚಾಲುಕ್ಯರ ಕಾಲದ ಗುಡಿಗಳು, ಮಹಾಲಿಂಗೇಶ್ವರ. ಜನ ಅಲ್ಲಿ ದೇವರನ್ನ ನೋಡಿದ್ದರು. ಮುಂಬೈಯ ಬಂಡವಾಳದವರು ಅದೇ ಜಾಗದಲ್ಲಿ ಎಂಜಿನ್ ನೋಡಿದರು! ಕಲ್ಲಿದ್ದಲು ಬೇಡ, ನೀರು ಬೀಳುತ್ತೆ, ಚಕ್ರ ತಿರುಗುತ್ತೆ. ಸುತ್ತಮುತ್ತ ಹತ್ತಿ ಬೆಳೆಯುವ ಎರೆಭೂಮಿ. ಅದೇ ದಶಕದಲ್ಲಿ ರೈಲೂ ಈ ಭಾಗಕ್ಕೆ ಬರುತ್ತಿತ್ತು. 1885ರಲ್ಲಿ ಗೋಕಾಕ್ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಹುಟ್ಟಿತು. 1887ರಲ್ಲಿ ನೂಲಿನ ಗಿರಣಿ ಶುರುವಾಯಿತು.

ಇದೊಂದು ಸಣ್ಣ ಸಂಗತಿಯಲ್ಲ. ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು 1902ರಲ್ಲಿ. ಅದಕ್ಕೂ ಹದಿನೈದು ವರ್ಷ ಮೊದಲು ಘಟಪ್ರಭೆಯ ನೀರು ನೂಲು ತೆಗೆಯುತ್ತಿತ್ತು. ಜಲಪಾತದ ಬುಡದಲ್ಲಿ ಟರ್ಬೈನು, ಬಂಡೆಯ ಮೇಲೆ ಗಿರಣಿ. ಶುರುವಿನಲ್ಲಿ ಕೆಳಗಿನ ಚಕ್ರದ ಬಲವನ್ನ ಮೇಲಿನ ಗಿರಣಿಗೆ ಸಾಗಿಸಿದ್ದು ಹಗ್ಗಗಳು. ಬಾವಿಯ ರಾಟೆ ಗೊತ್ತಲ್ಲ, ಅದೇ ಲೆಕ್ಕ, ದೊಡ್ಡ ಪ್ರಮಾಣದಲ್ಲಿ.

ಸರಿ, ನೀರು ಸಿಕ್ಕಿತು, ಹತ್ತಿ ಸಿಕ್ಕಿತು. ಜನ? ಜಲಪಾತದ ಬಂಡೆಯ ಮೇಲೆ ಸಾವಿರಾರು ಜನರ ಊರೇನೂ ಇರಲಿಲ್ಲ. ಬಸ್ಸು ಇರಲಿಲ್ಲ, ಸೈಕಲ್ಲೂ ಸಾಮಾನ್ಯರ ಕೈಗೆ ಸಿಕ್ಕಿರಲಿಲ್ಲ. ಇನ್ನು ಕೆಲಸದ ಹೊತ್ತು ಎಷ್ಟು? 1881ರ ಕಾರ್ಖಾನೆ ಕಾಯ್ದೆ ಮಕ್ಕಳ ಬಗ್ಗೆ ಮಾತ್ರ ಮಾತಾಡಿತು. ಏಳು ವರ್ಷ ತುಂಬದ ಮಗುವನ್ನ ದುಡಿಸಬೇಡಿ ಅಂದಿತು. ಅಂದರೆ ಏಳು ತುಂಬಿದರೆ ದುಡಿಸಬಹುದಿತ್ತು! 1891ರಲ್ಲಿ ಹೆಂಗಸರಿಗೆ ದಿನಕ್ಕೆ 11 ಗಂಟೆಯ ಮಿತಿ ಬಂತು. ಬಟ್ಟೆ ಗಿರಣಿಯ ಗಂಡಸರಿಗೆ 12 ಗಂಟೆಯ ಮಿತಿ ಬಂದದ್ದು 1911ರಲ್ಲಿ. ಹನ್ನೆರಡು ಗಂಟೆ ನಿಂತು ದುಡಿದವನು ಹತ್ತು ಹನ್ನೆರಡು ಕಿಲೋಮೀಟರ್ ನಡೆದು ಮನೆ ಸೇರಿ, ಮತ್ತೆ ಬೆಳಗ್ಗೆ ಬರೋಕೆ ಆಗುತ್ತಾ? ಆಗಲ್ಲ. ಹಾಗಾಗಿ ಮನೆಯನ್ನೇ ಗಿರಣಿಯ ಹತ್ತಿರ ತರಬೇಕಾಯಿತು.

ಗೋಕಾಕ ಫಾಲ್ಸ್ ಅನ್ನೋ ಊರು ಬೆಳೆದದ್ದು ಹೀಗೆ. ಕಾರ್ಮಿಕರ ಮನೆಗಳ ಸಾಲು, ಸಾಹೇಬರ ಬಂಗಲೆ, ಶಾಲೆ, ದವಾಖಾನೆ, ಅಂಗಡಿ ಸಾಲು, ಗುಡಿ. ಎಲ್ಲದಕ್ಕೂ ನಡುವೆ ಗಿರಣಿ. ಊರಿನ ಎಲ್ಲೆ ಎಲ್ಲಿಯವರೆಗೆ ಅಂತ ಕೇಳಿದರೆ, ಭೋಂಗಾ ಕೇಳುವಷ್ಟು ದೂರ. ದಕ್ಷಿಣದವರಿಗೆ ಹೇಳ್ತೀನಿ, ನೀವು ಸೈರನ್ ಅನ್ನೋದನ್ನ ಬೆಳಗಾವಿ, ಹುಬ್ಬಳ್ಳಿ ಕಡೆ ಭೋಂಗಾ ಅಂತಾರೆ.

ವರ್ಷಗಳ ಹಿಂದೆ ಮಳೆಗಾಲದ ಸುದ್ದಿಗೆ ಅಂತ ಜಲಪಾತಕ್ಕೆ ಹೋದಾಗ, ಚಹಾದಂಗಡಿಯ ಬೆಂಚಿನ ಮೇಲೆ ಒಬ್ಬ ಹಿರಿಯರು ಕೂತಿದ್ದರು. ಗಿರಣಿಯಿಂದ ನಿವೃತ್ತರಾದವರು. "ಅಜ್ಜಾ, ಆಗಿನ ದಿನಾ ಹ್ಯಾಂಗಿತ್ರೀ?" ಅಂತ ಕೇಳಿದೆ. ಅವರು ನಕ್ಕು, "ಮನ್ಯಾಗ ಗಡಿಯಾರ ಇರಲಿಲ್ಲಪಾ ತಮ್ಮಾ. ಭೋಂಗಾ ಆತಂದ್ರ ಒಲಿ ಹೊತ್ತತಿತ್ತು, ಎರಡನೇ ಭೋಂಗಾಕ್ಕ ಚಪ್ಪಲಿ ಮೆಟ್ಟತಿದ್ವಿ" ಅಂದರು. ಅದಕ್ಕಿಂತ ಚೆನ್ನಾಗಿ ಹದಿನೈದು ನಿಮಿಷದ ಊರನ್ನ ಯಾವ ಪ್ರೊಫೆಸರೂ ವಿವರಿಸಿಲ್ಲ.

ಒಂದು ಸಲ ಆ ದಿನವನ್ನ ಕಣ್ಣಮುಂದೆ ತಂದುಕೊಳ್ಳಿ. ಬೆಳಗಿನ ಭೋಂಗಾ. ರೊಟ್ಟಿ ಬಡಿಯುವ ಸದ್ದು ಸಾಲಿನ ಈ ತುದಿಯಿಂದ ಆ ತುದಿಯವರೆಗೆ. ಮೊದಲ ಪಾಳಿಯವರು ಹೋಗುವಾಗ ರಾತ್ರಿ ಪಾಳಿಯವರು ಎದುರಿಗೆ ಬರ್ತಾರೆ, ತಲೆಗೂದಲ ಮೇಲೆ ಹತ್ತಿಯ ಧೂಳು. ಮಕ್ಕಳು ಶಾಲೆಗೆ ತಾವೇ ನಡೆದು ಹೋಗ್ತಾರೆ, ಬಿಡೋಕೆ ಯಾರೂ ಬೇಕಿಲ್ಲ. ದಾರಿಯುದ್ದಕ್ಕೂ ಮಾವ, ಕಾಕಾ, ಅತ್ತಿ ಅಂತ ಕರೆಸಿಕೊಳ್ಳುವವರ ಕಣ್ಣಿರುತ್ತೆ. ಕಿರಾಣಿ ಅಂಗಡಿಯಲ್ಲಿ ಉದ್ರಿ ಪುಸ್ತಕ, ಪಗಾರದ ದಿನ ಲೆಕ್ಕ ಚುಕ್ತಾ. ಜ್ವರ ಬಂದರೆ ದವಾಖಾನೆ ಪಕ್ಕದಲ್ಲೇ. ಸಂಜೆ ಗುಡಿ ಕಟ್ಟೆಯ ಮೇಲೆ ಭಜನೆಯೋ ಹರಟೆಯೋ. ಇವತ್ತು ನಾವು 'ಗೇಟೆಡ್ ಕಮ್ಯುನಿಟಿ' ಅಂತ ಕೋಟಿ ಕೊಟ್ಟು ಕೊಂಡರೂ ಸಿಗದ ಒಂದು ಪದಾರ್ಥ ಅಲ್ಲಿತ್ತು. ಅದರ ಹೆಸರು ಪರಿಚಯ.

ಅಲ್ಲಿನ ತೂಗುಸೇತುವೆಯನ್ನೇ ನೋಡಿ. ಸುಮಾರು 200 ಮೀಟರ್ ಉದ್ದ, ಬಂಡೆಯಿಂದ 14 ಮೀಟರ್ ಎತ್ತರ. ನಾವು ಟಿವಿಯವರು ಪ್ರತಿ ಜುಲೈನಲ್ಲೂ ಅದರ ದೃಶ್ಯ ತೋರಿಸ್ತೀವಿ, 'ರೋಮಾಂಚಕ ತಾಣ' ಅಂತ ಅಕ್ಷರ ಹಾಕ್ತೀವಿ. ಸೆಲ್ಫಿ ತೆಗೆಯೋರಿಗೆ ಅದು ರೋಮಾಂಚನವೇ ಇರಬಹುದು. ಆದರೆ ಅದು ಒಂದು ಫುಟ್‌ಪಾತ್ ಕಣ್ರೀ. ನೊರೆಗಟ್ಟಿ ಹರಿಯುವ ನದಿಯ ಎರಡೂ ದಂಡೆಗಳನ್ನ ನಡಿಗೆಯ ದೂರಕ್ಕೆ ತಂದದ್ದು ಆ ಸೇತುವೆ. ಬೆಂಗಳೂರಿನ ರಿಂಗ್ ರಸ್ತೆ ದಾಟೋಕೆ ಒಂದು ಸ್ಕೈವಾಕ್‌ಗಾಗಿ ವರ್ಷಗಟ್ಟಲೆ ಅರ್ಜಿ ಹಿಡಿದು ಅಲೆಯುವವರಿಗೆ ಆ ಸೇತುವೆಯ ಬೆಲೆ ಗೊತ್ತಾಗಬೇಕು.

ಇಷ್ಟು ಹೇಳಿದ ಮೇಲೆ, 'ಆಹಾ, ಆ ಕಾಲ ಎಷ್ಟು ಚೆನ್ನಾಗಿತ್ತು' ಅಂತ ಕಣ್ಣೊರೆಸಿಕೊಂಡು ಕಾರ್ಯಕ್ರಮ ಮುಗಿಸಬಹುದು. ನಾನು ಮುಗಿಸಲ್ಲ. ಯಾಕಂದ್ರೆ ಈ ಕಥೆಗೆ ಇನ್ನೊಂದು ಮಗ್ಗುಲಿದೆ.

ಮನೆ ಹತ್ತಿರ ಇದ್ದದ್ದು ಯಾರಿಗೋಸ್ಕರ? ಗಿರಣಿಗೋಸ್ಕರ. ಕಂಪನಿ ಕಟ್ಟಿದ ಊರುಗಳಲ್ಲಿ, ಅದು ಭಾರತದಲ್ಲಿರಲಿ, ಇಂಗ್ಲೆಂಡಿನಲ್ಲಿರಲಿ, ಒಂದು ನಿಯಮ ಸಾಮಾನ್ಯ. ಕೆಲಸ ಇರುವವರೆಗೆ ಮನೆ. ಕೆಲಸ ಹೋದ ದಿನ ಮನೆಯೂ ಹೋಗುತ್ತೆ. ಬೀಗ ನಿಮ್ಮ ಬಾಗಿಲಿಗೆ, ಕೀಲಿ ಕಂಪನಿಯ ಕೈಯಲ್ಲಿ.

ಅಮೆರಿಕದ ಶಿಕಾಗೊ ಹತ್ತಿರ 1880ರಲ್ಲಿ ಜಾರ್ಜ್ ಪುಲ್‌ಮನ್ ಎಂಬ ಉದ್ಯಮಿ ಒಂದು ಊರು ಕಟ್ಟಿಸಿದ. ರೈಲಿನ ಬೋಗಿ ತಯಾರಿಸುವ ಕಂಪನಿ ಅವನದು. ಊರಿಗೆ ತನ್ನ ಹೆಸರನ್ನೇ ಇಟ್ಟ. ಇಟ್ಟಿಗೆಯ ಚೆಂದದ ಮನೆಗಳು, ಪಾರ್ಕು, ಗ್ರಂಥಾಲಯ, ಮಾರುಕಟ್ಟೆ. ನೋಡಿದವರೆಲ್ಲ ಹೊಗಳಿದರು. 1893ರಲ್ಲಿ ಅಮೆರಿಕದ ಆರ್ಥಿಕತೆ ಕುಸಿಯಿತು. ಪುಲ್‌ಮನ್ ಪಗಾರ ಕಡಿತ ಮಾಡಿದ. ಮನೆ ಬಾಡಿಗೆ? ಒಂದು ಪೈಸೆಯೂ ಕಡಿಮೆ ಮಾಡಲಿಲ್ಲ. ಎಡಗೈಯಲ್ಲಿ ಕೊಟ್ಟಿದ್ದನ್ನ ಬಲಗೈಯಲ್ಲಿ ಕಿತ್ತುಕೊಂಡ ಹಾಗೆ. 1894ರಲ್ಲಿ ಜನ ಮುಷ್ಕರಕ್ಕೆ ಇಳಿದರು, ಅದು ದೇಶದ ರೈಲುಗಳನ್ನೇ ನಿಲ್ಲಿಸಿತು. ಅಧ್ಯಕ್ಷರು ಸೈನ್ಯ ಕಳಿಸಿದರು, ರಕ್ತ ಹರಿಯಿತು. ಕೊನೆಗೆ 1898ರಲ್ಲಿ ಇಲಿನಾಯ್ಸ್ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು, ಕಾರ್ಖಾನೆ ನಡೆಸೋದು ನಿಮ್ಮ ಕೆಲಸ, ಊರಿನ ಒಡೆತನ ನಿಮ್ಮದಲ್ಲ, ಅದನ್ನ ಮಾರಿಬಿಡಿ ಅಂತ.

ನೆನಪಿಡಿ, ಪುಲ್‌ಮನ್ ಊರಿನಲ್ಲೂ ಎಲ್ಲವೂ ನಡೆದು ಹೋಗುವ ದೂರದಲ್ಲೇ ಇತ್ತು.

ನಮ್ಮದೇ ಕೆಜಿಎಫ್ ನೋಡಿ. ಶತಮಾನಕ್ಕೂ ಹೆಚ್ಚು ಕಾಲ ಗಣಿ, ಗಣಿಯ ಸುತ್ತ ಕಾರ್ಮಿಕರ ಲೈನುಗಳು, ಆಸ್ಪತ್ರೆ, ಶಾಲೆ, ಕ್ಲಬ್ಬು. ಕಾಲ್ನಡಿಗೆಯಲ್ಲೇ ಒಂದು ಜೀವಮಾನ ಕಳೆಯಬಹುದಾದ ಊರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿತು. ಮನೆಗಳು ಅಲ್ಲೇ ಇವೆ, ಬೀದಿಗಳು ಅಲ್ಲೇ ಇವೆ. ಗಣಿಗೆ ನಡೆದು ಹೋದವರ ಮಕ್ಕಳು ಇವತ್ತು ನಸುಕಿನಲ್ಲಿ ಎದ್ದು, ಕಾಲಿಡಲು ಜಾಗವಿಲ್ಲದ ರೈಲಿನಲ್ಲಿ ನಿಂತು, ಸುಮಾರು ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ ಕೆಲಸಕ್ಕೆ ಬರ್ತಾರೆ. ರಾತ್ರಿ ಅದೇ ರೈಲಿನಲ್ಲಿ ವಾಪಸ್. ಬೀದಿ ಒಂದಿಂಚೂ ಕದಲಲಿಲ್ಲ. ಕೆಲಸ ನೂರು ಕಿಲೋಮೀಟರ್ ದೂರ ಹೋಯಿತು.

ಗೋಕಾಕ ಫಾಲ್ಸ್ ಅಷ್ಟು ದೊಡ್ಡ ಪೆಟ್ಟು ತಿಂದ ಊರಲ್ಲ. ಕಂಪನಿಯ ಹೆಸರು ಹಲವು ಸಲ ಬದಲಾಯಿತು. ಗೋಕಾಕ ಮಿಲ್ಸ್ ಆಯಿತು, ಗೋಕಾಕ ಪಟೇಲ್ ವೋಲ್ಕಾರ್ಟ್ ಆಯಿತು, ಫೋರ್ಬ್ಸ್ ಗೋಕಾಕ ಆಯಿತು, ಆಮೇಲೆ ಗೋಕಾಕ ಟೆಕ್ಸ್‌ಟೈಲ್ಸ್. ಆದರೆ ದೇಶದ ಬಟ್ಟೆ ಗಿರಣಿಗಳ ಕಥೆ ನಿಮಗೆ ಗೊತ್ತೇ ಇದೆ. ಒಂದು ಕಾಲಕ್ಕೆ ನೂರು ಕೈ ಮಾಡುತ್ತಿದ್ದ ಕೆಲಸವನ್ನ ಹೊಸ ಯಂತ್ರ ಬೆರಳೆಣಿಕೆಯ ಕೈಗಳಲ್ಲಿ ಮುಗಿಸುತ್ತೆ. ಗಿರಣಿ ನಡೆದರೂ ಊರಿನ ಎಲ್ಲ ಮಕ್ಕಳಿಗೆ ಅಲ್ಲಿ ಜಾಗ ಇರಲ್ಲ. ಹಾಗಾದಾಗ ಒಂದೇ ಕಂಬದ ಮೇಲೆ ನಿಂತ ಮನೆ ಅಲುಗಾಡುತ್ತೆ.

ಈಗ ಅಲ್ಲಿಂದ ಗೋಕಾಕದ ಪೇಟೆಗೆ ಬನ್ನಿ. ದೂರವೇನಿಲ್ಲ, ಅದೇ ನದಿಯ ಕೆಳಗಿನ ದಂಡೆ. ಇದೂ ನಡೆದಾಡುವ ಊರೇ. ಆದರೆ ಇದನ್ನ ಯಾವ ಕಂಪನಿಯೂ ಕಟ್ಟಲಿಲ್ಲ. ಹಗುರ ಮರವನ್ನ ಕೆತ್ತಿ, ಬಣ್ಣ ಹಚ್ಚಿ, ನಿಜವಾದ ಮಾವು ಬಾಳೆಯೇನೋ ಅನ್ನಿಸುವ ಹಾಗೆ ಗೋಕಾಕದ ಗೊಂಬೆ ಮಾಡುವ ಜೀನಗಾರರು ಈ ಊರಿನವರು. ಅಂಟು, ಬೆಲ್ಲ, ಒಣಕೊಬ್ಬರಿ, ಉತ್ತತ್ತಿ ಹಾಕಿ ಕರದಂಟು ಕಟ್ಟುವವರು ಈ ಊರಿನವರು. ಬಾಣಂತಿಗೆ ಅಂತ ಹುಟ್ಟಿದ ತಿನಿಸು ಇವತ್ತು ಡಬ್ಬಿಯಲ್ಲಿ ಕೂತು ವಿಮಾನ ಹತ್ತುತ್ತೆ. ಹತ್ತಿ, ಕಾಳು, ಬೆಲ್ಲದ ವ್ಯಾಪಾರಿ ಇದ್ದಾನೆ, ದರ್ಜಿ ಇದ್ದಾನೆ, ಹಿಟ್ಟಿನ ಗಿರಣಿ ಇದೆ. ಕೆಳಗೆ ಅಂಗಡಿ, ಮೇಲೆ ಮನೆ. ಬೆಂಗಳೂರಿನ ಹಳೇ ಪೇಟೆಯ ಹೆಸರುಗಳನ್ನೇ ಓದಿ. ಅಕ್ಕಿಪೇಟೆ, ಬಳೆಪೇಟೆ, ಅರಳೆಪೇಟೆ, ಕುಂಬಾರಪೇಟೆ. ಒಂದೊಂದು ಹೆಸರೂ ಒಂದೊಂದು ಕಸುಬು. ಕಸುಬು, ಮನೆ, ಸಂತೆ ಒಂದೇ ಕಡೆ.

ಈ ಪೇಟೆಯಲ್ಲೂ ಎಲ್ಲ ಸುಖವಾಗಿತ್ತು ಅಂತ ನಾನು ಹೇಳಲ್ಲ. ಯಾವ ಓಣಿಯಲ್ಲಿ ಯಾರಿರಬೇಕು ಅನ್ನೋದನ್ನ ಜಾತಿ ತೀರ್ಮಾನ ಮಾಡ್ತಿತ್ತು. ನೀರಿಗೆ ಹತ್ತಿರ ಇದ್ದವರು ಯಾರು, ಬಾವಿ ಮುಟ್ಟಬಾರದವರು ಯಾರು ಅನ್ನೋದು ನಮಗೆಲ್ಲ ಗೊತ್ತಿರೋ ಇತಿಹಾಸ. ಹತ್ತು ಹೆಜ್ಜೆ ದೂರದ ಬಾವಿ ಒಬ್ಬರಿಗೆ ಹತ್ತಿರ, ಇನ್ನೊಬ್ಬರಿಗೆ ಹತ್ತು ಜನ್ಮದಷ್ಟು ದೂರ. ಇದನ್ನ ಮರೆತು ಹಳೇ ಪೇಟೆಯನ್ನ ಹೊಗಳುವುದು ಅರ್ಧ ಸತ್ಯ.

ಆದರೂ ಪೇಟೆಗೆ ಒಂದು ಗುಣವಿತ್ತು. ಅದು ನೂರು ಕಂಬಗಳ ಮೇಲೆ ನಿಂತಿತ್ತು. ಗೊಂಬೆ ವ್ಯಾಪಾರ ಬಿದ್ದರೆ ಕರದಂಟು ಇತ್ತು, ಒಂದು ಅಂಗಡಿ ಮುಚ್ಚಿದರೆ ಪಕ್ಕದ್ದು ತೆರೆದಿತ್ತು. ಇಡೀ ಊರಿಗೆ ಬೀಗ ಹಾಕುವ ಕೀಲಿ ಯಾರೊಬ್ಬರ ಕೈಯಲ್ಲೂ ಇರಲಿಲ್ಲ.

2019ರ ಆಗಸ್ಟ್ ನೆನಪಿಸಿಕೊಳ್ಳಿ. ಘಟಪ್ರಭಾ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕದೊಳಗೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು. ಪೇಟೆಯ ಅಂಗಡಿಗಳ ಒಳಗೆ ನದಿ ಹರಿಯಿತು. ನಾವು ಚಾನೆಲ್‌ನವರು ನೀರು ತೋರಿಸಿದೆವು, ದಿನವಿಡೀ ತೋರಿಸಿದೆವು. ಮುಳುಗಿದ ಸೇತುವೆ ಕಂಡಿತು, ತೇಲಿದ ಸಾಮಾನು ಕಂಡಿತು. ಪಕ್ಕದ ಮನೆಯ ಮುದುಕಿ ಎಲ್ಲಿದ್ದಾಳೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ ಅಂತ ಮೊದಲು ಗೊತ್ತಿದ್ದದ್ದು ಕಂಟ್ರೋಲ್ ರೂಮಿಗಲ್ಲ, ದಿನಾ ಆ ಓಣಿಯಲ್ಲಿ ನಡೆದಾಡುವವರಿಗೆ. ಅದನ್ನ ನಾವು ತೋರಿಸಲಿಲ್ಲ. ನನ್ನ ವೃತ್ತಿಯ ಆ ತಪ್ಪನ್ನ ಇಲ್ಲಿ ಒಪ್ಪಿಕೊಳ್ತೀನಿ. ನಡೆದಾಡುವ ಓಣಿ ಅಂದರೆ ಆರೋಗ್ಯಕ್ಕೆ ಒಳ್ಳೆಯ ವ್ಯಾಯಾಮ ಅಷ್ಟೇ ಅಲ್ಲ. ಆಪತ್ತಿನ ದಿನ ಯಾರ ಬಾಗಿಲು ಬಡಿಯಬೇಕು ಅನ್ನೋ ತಿಳಿವಳಿಕೆ ಅದು.

ಹಾಗಾದರೆ ಗೋಕಾಕದ ಎರಡು ಊರುಗಳಿಂದ ನಾವು ಕಲಿಯಬೇಕಾದದ್ದೇನು?

ಗಿರಣಿಯ ಊರು ಒಂದು ಪಾಠ ಹೇಳುತ್ತೆ. ಮನೆ ಕಟ್ಟುವ ಮೊದಲೇ ಶಾಲೆ ಎಲ್ಲಿ, ದವಾಖಾನೆ ಎಲ್ಲಿ, ಅಂಗಡಿ ಎಲ್ಲಿ, ದಾರಿ ಎಲ್ಲಿ ಅಂತ ಯೋಚಿಸಬೇಕು. ಲಾಭಕ್ಕೋಸ್ಕರ ಗಿರಣಿ ನಡೆಸಿದ ಕಂಪನಿ ನೂರ ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಯೋಚಿಸಿದ್ದನ್ನ, ನಾವೇ ಆರಿಸಿ ಕಳಿಸಿದವರ ಸರ್ಕಾರಗಳು ಇವತ್ತು ಒಂದು ಬಡಾವಣೆ ಮಂಜೂರು ಮಾಡುವಾಗ ಯಾಕೆ ಯೋಚಿಸಲ್ಲ? ಸಿಎ ಸೈಟು ಅಂತ ನಕ್ಷೆಯಲ್ಲಿ ಬಿಟ್ಟ ಜಾಗ ಹತ್ತು ವರ್ಷದ ಮೇಲೆ ಹೋಗಿ ನೋಡಿದರೆ ಏನಾಗಿರುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು.

ಪೇಟೆ ಇನ್ನೊಂದು ಪಾಠ ಹೇಳುತ್ತೆ. ಎಲ್ಲವೂ ಹತ್ತಿರ ಇದ್ದರೆ ಸಾಲದು. ಎಲ್ಲವೂ ಒಬ್ಬರದೇ ಆಗಿರಬಾರದು.

ಈ ಎರಡನೇ ಪಾಠ ನನಗೆ ಹೆಚ್ಚು ಭಯ ಹುಟ್ಟಿಸುತ್ತೆ. ಯಾಕಂದ್ರೆ ನನ್ನ ಕೊತ್ತಂಬರಿ ಸೊಪ್ಪು ಹತ್ತು ನಿಮಿಷಕ್ಕೆ ಬಂತಲ್ಲ, ಒಂದು ರೀತಿಯಲ್ಲಿ ನಾನೂ ಹದಿನೈದು ನಿಮಿಷದ ನಗರದಲ್ಲೇ ಇದ್ದೀನಿ! ಏನು ಬೇಕಾದರೂ ಬಾಗಿಲಿಗೇ ಬರುತ್ತೆ. ಆದರೆ ನಡೆಯುವ ಕಾಲು ನನ್ನದಲ್ಲ. ನನ್ನ ಹತ್ತಿರವನ್ನ ನಾನು ಕೊಂಡಿರೋದು ಇನ್ನೊಬ್ಬನ ದೂರದಿಂದ. ಅವನು ತನ್ನ ಊರಿನಿಂದ ಐನೂರು ಕಿಲೋಮೀಟರ್ ಬಂದಿದ್ದಾನೆ, ಯಾವುದೋ ಕೋಣೆಯಲ್ಲಿ ನಾಲ್ಕು ಜನರ ಜೊತೆ ಮಲಗ್ತಾನೆ, ನನ್ನ ಹತ್ತು ನಿಮಿಷಕ್ಕೋಸ್ಕರ ಸಿಗ್ನಲ್ ಹಾರಿಸ್ತಾನೆ. ಅವನಿಗೂ ಒಂದು ಭೋಂಗಾ ಇದೆ, ಜೇಬಿನಲ್ಲಿ ಕೂಗುತ್ತೆ. ಆದರೆ ಆ ಭೋಂಗಾದ ಸುತ್ತ ಮನೆ ಇಲ್ಲ, ಶಾಲೆ ಇಲ್ಲ, ದವಾಖಾನೆ ಇಲ್ಲ. 1887ರ ಗಿರಣಿಗೆ ಕಾರ್ಮಿಕನ ಮನೆ ಎಲ್ಲಿದೆ ಅಂತ ಯೋಚಿಸೋ ಅಗತ್ಯವಾದರೂ ಇತ್ತು. ಇವತ್ತಿನ ಆ್ಯಪ್‌ಗೆ ಅದೂ ಇಲ್ಲ.

ಇತ್ತ ನನ್ನ ಓಣಿಯ ಕಿರಾಣಿ ಅಂಗಡಿ ಮುಚ್ಚುತ್ತೆ. ಒಂದು ಅಂಗಡಿ, ಇನ್ನೊಂದು ಅಂಗಡಿ. ನೂರು ಕಂಬ ಹೋಗಿ ಎರಡು ಮೂರು ಕಂಬ ಉಳಿಯುತ್ತೆ, ಅದರ ಕೀಲಿ ಎಲ್ಲೋ ದೂರದಲ್ಲಿ. ಪುಲ್‌ಮನ್‌ನ ಊರನ್ನ ಮಾರಿಸೋಕೆ ಒಂದು ಕೋರ್ಟ್ ಇತ್ತು. ಮೊಬೈಲ್‌ನೊಳಗಿನ ಊರನ್ನ ಮಾರಿಸೋರು ಯಾರು?

ಪರಿಹಾರ ಹೇಳಿ ಅಂತೀರಾ? ದೊಡ್ಡದು ಸರ್ಕಾರದ ಕೈಯಲ್ಲಿದೆ. ಪ್ರತಿ ಬಡಾವಣೆಗೂ ಫುಟ್‌ಪಾತ್, ಸರ್ಕಾರಿ ಶಾಲೆ, ಆರೋಗ್ಯ ಕೇಂದ್ರ, ಸಣ್ಣ ವ್ಯಾಪಾರಿಗೆ ಜಾಗ, ದುಡಿಯುವವರಿಗೆ ಅಲ್ಲೇ ಬಾಡಿಗೆ ಕೊಡಬಲ್ಲ ಮನೆ. ಇದನ್ನ ಕೇಳಬೇಕಾದವರು ನಾವು. ಮುಂದಿನ ಸಲ ಓಟು ಕೇಳೋಕೆ ಬಂದವರನ್ನ ಫ್ಲೈಓವರ್ ಯಾವಾಗ ಅಂತ ಕೇಳಬೇಡಿ. 'ನಮ್ಮ ಮಗು ಶಾಲೆಗೆ ಒಬ್ಬನೇ ನಡೆದು ಹೋಗೋದು ಯಾವಾಗ?' ಅಂತ ಕೇಳಿ.

ಸಣ್ಣದು ನಮ್ಮ ಕೈಯಲ್ಲೇ ಇದೆ. ಕಳೆದ ಭಾನುವಾರ ನಾನು ಮೊಬೈಲ್ ಮನೆಯಲ್ಲಿಟ್ಟು ಕೊತ್ತಂಬರಿಗೆ ಅಂತ ನಡೆದೇ ಹೊರಟೆ. ಲಾರಿ, ಧೂಳು, ಅಗೆದು ಬಿಟ್ಟ ಚರಂಡಿ ದಾಟಿ ಒಂದು ತಳ್ಳುಗಾಡಿ ಸಿಗೋಕೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಗಾಡಿಯ ಅಮ್ಮ ಸೊಪ್ಪಿನ ಜೊತೆ ನಾಲ್ಕು ಹಸಿಮೆಣಸಿನಕಾಯಿ ಸುಮ್ಮನೆ ಹಾಕಿದರು. "ದಿನಾ ಟಿವಿಯಲ್ಲಿ ಬರ್ತೀರಲ್ಲಾ, ಇಲ್ಲೇ ಇರೋದಾ ನೀವು?" ಅಂದರು. ನಾಲ್ಕು ವರ್ಷದಿಂದ ಇಲ್ಲೇ ಇದ್ದೀನಿ. ಆ ರಸ್ತೆಯಲ್ಲಿ ನಾನು ನಡೆದದ್ದು ಅವತ್ತೇ ಮೊದಲು.

ನೀವೂ ನಾಳೆ ಬೆಳಗ್ಗೆ ಮನೆಯಿಂದ ಹೊರಬಿದ್ದು ಹದಿನೈದು ನಿಮಿಷ ನಡೆದು ನೋಡಿ. ಏನೇನು ಸಿಗುತ್ತೆ ಎಣಿಸಿ. ಏನು ಸಿಗಲಿಲ್ಲ ಅನ್ನೋದನ್ನ ಬರೆದಿಟ್ಟುಕೊಳ್ಳಿ. ಆ ಚೀಟಿ ಜೋಪಾನವಾಗಿರಲಿ. ಓಟು ಕೇಳೋರು ಮನೆ ಬಾಗಿಲಿಗೆ ಬಂದಾಗ ಬೇಕಾಗುತ್ತೆ.